ಚಾಕೊಲೇಟ್ ಬಾರ್ಕ್: ಯಾವ ಚಾಕೊಲೇಟು, ಯಾವ ಬೀಜ, ಯಾವ ಹಣ್ಣು?

ಬಾರ್ಕ್ ಮಾಡುವ ವಿಧಾನವನ್ನು ಒಂದೇ ಉಸಿರಲ್ಲಿ ಹೇಳಿ ಮುಗಿಸಬಹುದು. ಚಾಕೊಲೇಟ್ ಕರಗಿಸಿ, ತೆಳ್ಳಗೆ ಹರಡಿ, ಮೇಲೆ ಬೀಜ, ಒಣಹಣ್ಣು ಉದುರಿಸಿ, ಗಟ್ಟಿಯಾದ ಮೇಲೆ ಮುರಿಯಿರಿ. ಮುರಿದ ತುಂಡು ಒರಟಾಗಿ, ಮರದ ತೊಗಟೆಯ ಹಾಗೆ ಕಾಣುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಅಚ್ಚು ಬೇಡ, ಸಕ್ಕರೆ ಪಾಕದ ಹದ ನೋಡುವ ತಲೆನೋವೂ ಇಲ್ಲ.

ಕಷ್ಟ ಶುರುವಾಗುವುದು ಅಂಗಡಿಯಲ್ಲಿ. ಡಾರ್ಕ್ ತಗೊಳ್ಳೋದಾ, ಮಿಲ್ಕಾ? ಪಕ್ಕದಲ್ಲೇ ಕಡಿಮೆ ಬೆಲೆಗೆ ಕಾಂಪೌಂಡ್ ಚಾಕೊಲೇಟಿನ (ಕೋಕೋ ಬಟರ್ ಬದಲು ಬೇರೆ ಕೊಬ್ಬು ಹಾಕಿದ್ದು) ದೊಡ್ಡ ಗಟ್ಟಿ ಇದೆಯಲ್ಲ, ಅದೇ ಸಾಕಾ? ಪಿಸ್ತಾ ಹಾಕಿದರೆ ಚೆಂದ, ಆದರೆ ಅಷ್ಟು ದುಡ್ಡು ಕೊಡಬೇಕಾ? ಇಷ್ಟು ಸುಲಭದ ತಿಂಡಿಯಲ್ಲಿ ಕೈಚಳಕಕ್ಕೆ ಹೆಚ್ಚು ಜಾಗವಿಲ್ಲ. ನೀವು ಏನನ್ನು ಆರಿಸಿದಿರೋ ಅದೇ ಬಾಯಿಗೆ ಬರುತ್ತದೆ.

ಒಮ್ಮೆ ನಾನು ಒಂದೇ ಸಲಕ್ಕೆ ಮಾಡಿದ ಡಾರ್ಕ್ ಬಾರ್ಕನ್ನು ಎರಡು ಪಾಲು ಮಾಡಿದೆ. ಅರ್ಧ ನಮ್ಮ ಫ್ರಿಜ್ಜಿನಲ್ಲಿ, ಅರ್ಧ ಗೆಳತಿಗೆ ಕೊಟ್ಟ ಡಬ್ಬಿಯಲ್ಲಿ. ನಮ್ಮದು ಎರಡೇ ದಿನದಲ್ಲಿ ಖಾಲಿ, ಎಲ್ಲರಿಗೂ ಇಷ್ಟವಾಯಿತು. ವಾರದ ನಂತರ ಗೆಳತಿಯ ಫೋನು: "ತಪ್ಪು ತಿಳ್ಕೋಬೇಡ, ನಿನ್ನ ಚಾಕೊಲೇಟಿಗೆ ಬೂಸ್ಟು ಬಂದಿದೆ ಅನ್ಸುತ್ತೆ." ಹೋಗಿ ನೋಡಿದೆ. ಬೂಸ್ಟಲ್ಲ. ಮೇಲೆಲ್ಲ ಬೂದಿ ಬಣ್ಣದ ಗೆರೆಗಳು. ಬೆರಳು ಒತ್ತಿದರೆ ಜಿಡ್ಡು, ಮುರಿದರೆ ಶಬ್ದವೇ ಇಲ್ಲ, ಒದ್ದೆ ರಟ್ಟಿನ ಹಾಗೆ ಬಾಗುತ್ತಿತ್ತು. ತಿಂದರೆ ಏನೂ ಆಗುವುದಿಲ್ಲ, ಆದರೆ ಯಾರಿಗೆ ತಿನ್ನಬೇಕು ಅನಿಸುತ್ತದೆ ಹೇಳಿ? ಒಂದೇ ಪಾತ್ರೆಯಿಂದ ಬಂದ ಚಾಕೊಲೇಟು, ಒಂದು ಕಡೆ ಗೆದ್ದಿತು, ಇನ್ನೊಂದು ಕಡೆ ಸೋತಿತು.

ಅಂದಿನಿಂದ ರುಚಿಯ ಪ್ರಶ್ನೆಯನ್ನು ನಾನು ಎರಡನೆಯದಕ್ಕೆ ಇಟ್ಟಿದ್ದೇನೆ. ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಯಾವಾಗ ತಿನ್ನುತ್ತಾರೆ, ಅಲ್ಲಿಯವರೆಗೆ ಎಲ್ಲಿ ಇಡುತ್ತಾರೆ ಅಂತ. ಫ್ರಿಜ್ಜಿನಿಂದ ನೇರ ಬಾಯಿಗೋ, ಡಬ್ಬಿಯಲ್ಲಿ ಹೊರಗೆ ಹತ್ತು ದಿನವೋ? ಆಮೇಲೆ ತಿನ್ನುವವರು ಯಾರು, ಸಿಹಿ ಎಷ್ಟು ಬೇಕು ಎಂಬುದು. ಮೂರನೆಯದು ನಿಮ್ಮ ತಾಳ್ಮೆ. ದುಡ್ಡಿನ ಲೆಕ್ಕ ಕೊನೆಗೆ. ಈ ಕ್ರಮದಲ್ಲಿ ಹೋದರೆ ಅರ್ಧ ಗೊಂದಲ ತಾನೇ ಕರಗುತ್ತದೆ.

ಮೊದಲು ಚಾಕೊಲೇಟು

ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕೊಬ್ಬು ಅಂತ ಕೋಕೋ ಬಟರ್ (ಕೋಕೋ ಬೀಜದ ಕೊಬ್ಬು) ಇದ್ದರೆ ಅದು ನಿಜವಾದ ಚಾಕೊಲೇಟು. ಅದರ ಜಾಗದಲ್ಲಿ ತಾಳೆ ಬೀಜದ ಎಣ್ಣೆಯೋ ಬೇರೆ ವನಸ್ಪತಿ ಕೊಬ್ಬೋ ಇದ್ದರೆ ಅದು ಕಾಂಪೌಂಡ್. ಎರಡೂ ಕಂದು ಬಣ್ಣ, ಎರಡಕ್ಕೂ ಚಾಕೊಲೇಟಿನ ವಾಸನೆ. ಸ್ವಭಾವ ಮಾತ್ರ ಬೇರೆ ಬೇರೆ.

ಕೋಕೋ ಬಟರ್ ಸ್ವಲ್ಪ ಮೂಡಿ ಸ್ವಭಾವದ್ದು. ಅದು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದ ಹೊಳಪು, ಟಪ್ ಎಂದು ಮುರಿಯುವ ಗುಣ, ಐದನೆಯ ಬಗೆಯಲ್ಲಿ ಮಾತ್ರ. ಆ ಹರಳು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನಮ್ಮ ಮೈಯ ಬಿಸಿಗಿಂತ ಸ್ವಲ್ಪವೇ ಕಡಿಮೆ. ಕೈಯಲ್ಲಿ ಗಟ್ಟಿಯಾಗಿರುವುದು ನಾಲಗೆಯ ಮೇಲೆ ಕರಗುವುದು ಇದಕ್ಕೇ. ಸುಮ್ನೆ ಕರಗಿಸಿ ಆರಲು ಬಿಟ್ಟರೆ ಹರಳುಗಳು ಮನಸ್ಸಿಗೆ ಬಂದ ಹಾಗೆ ಕಟ್ಟಿಕೊಳ್ಳುತ್ತವೆ, ಕೊಬ್ಬು ಮೆಲ್ಲಗೆ ಮೇಲೆ ಬಂದು ಬೂದಿ ಬಣ್ಣದ ಪದರವಾಗುತ್ತದೆ. ಗೆಳತಿಯ ಡಬ್ಬಿಯಲ್ಲಿ ಆಗಿದ್ದು ಇದೇ. ಇದನ್ನು ತಡೆಯಲು ಬಿಸಿಯನ್ನು ಏರಿಸಿ ಇಳಿಸಿ ಹದ ತರುವ ಕೆಲಸಕ್ಕೆ ಟೆಂಪರಿಂಗ್ ಅನ್ನುತ್ತಾರೆ.

ಕಾಂಪೌಂಡಿಗೆ ಈ ರಗಳೆ ಇಲ್ಲ. ಕರಗಿಸಿ ಹರಡಿದರೆ ಹೊಳಪಾಗಿಯೇ ಗಟ್ಟಿಯಾಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಮಾಡುವಾಗ, ಐವತ್ತು ಜನರಿಗೆ ಹಂಚಬೇಕಾದಾಗ ನಾನೂ ಅದನ್ನೇ ತರುತ್ತೇನೆ. ತಿಂದ ಮೇಲೆ ಬಾಯಿಯ ಮೇಲ್ಭಾಗಕ್ಕೆ ಮೇಣ ಅಂಟಿದ ಹಾಗೆ ಅನಿಸುವುದುಂಟು, ರುಚಿಯೂ ಚಪ್ಪಟೆ. ಬೀಜ, ಉಪ್ಪು, ಹುಳಿ ಹಣ್ಣು ಜಾಸ್ತಿ ಹಾಕಿದರೆ ಆ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ದುಡ್ಡು ಉಳಿಸಲು ಅರ್ಧ ನಿಜವಾದದ್ದು, ಅರ್ಧ ಕಾಂಪೌಂಡ್ ಬೆರೆಸುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಎರಡು ಕೊಬ್ಬುಗಳು ಒಂದಕ್ಕೊಂದು ಹೊಂದುವುದಿಲ್ಲ. ಮಿಶ್ರಣ ಮೆತ್ತಗಾಗುತ್ತದೆ, ಬೇಗ ಬಿಳಿಚಿಕೊಳ್ಳುತ್ತದೆ.

ಇನ್ನು ನಿಜವಾದದ್ದರಲ್ಲಿ ಯಾವುದು? ಬಾರ್ಕಿಗೆ ನನ್ನ ಮೊದಲ ಓಟು ಶೇಕಡಾ 55ರಿಂದ 65ರ ಡಾರ್ಕಿಗೆ. ಆ ಅಂಕಿ ಕೋಕೋದಿಂದ ಬಂದ ಒಟ್ಟು ಭಾಗದ್ದು, ಉಳಿದದ್ದು ಹೆಚ್ಚೂಕಡಿಮೆ ಸಕ್ಕರೆ. ಒಣಹಣ್ಣಿನಲ್ಲಿ ಸಿಹಿ ಆಗಲೇ ತುಂಬಿರುವುದರಿಂದ ಚಾಕೊಲೇಟಿನಲ್ಲಿ ಸ್ವಲ್ಪ ಕಹಿ ಇದ್ದರೆ ಒಳ್ಳೆಯದೇ. ಶೇಕಡಾ 70ಕ್ಕಿಂತ ಮೇಲಿನದು ಕಹಿ ಇಷ್ಟಪಡುವವರಿಗೆ ಮಾತ್ರ. ಅದನ್ನು ತರುವುದಾದರೆ ಹಣ್ಣಿನ ಪಾಲು ಹೆಚ್ಚಿಸಿ.

ಮಿಲ್ಕ್ ಚಾಕೊಲೇಟು ಮಕ್ಕಳಿಗೂ ಕಹಿ ಒಲ್ಲದವರಿಗೂ ಸರಿ. ಅದರ ಜೊತೆ ಒಣದ್ರಾಕ್ಷಿ, ಖರ್ಜೂರ ಹಾಕಿದರೆ ಸಿಹಿಯ ಮೇಲೆ ಸಿಹಿ ಆಗಿ ಎರಡನೇ ತುಂಡಿಗೆ ಕೈ ಹೋಗುವುದಿಲ್ಲ. ಉಪ್ಪು ಸವರಿದ ಬೀಜ, ಹುಳಿ ಇರುವ ಹಣ್ಣು ಹಾಕಿ. ವೈಟ್ ಚಾಕೊಲೇಟಿನಲ್ಲಿ ಕೋಕೋದ ಪುಡಿ ಇರುವುದೇ ಇಲ್ಲ, ಕೋಕೋ ಬಟರ್, ಹಾಲು, ಸಕ್ಕರೆ ಅಷ್ಟೇ. ತುಂಬಾ ಸಿಹಿ, ಬಹಳ ಬೇಗ ಸೀದುಹೋಗುತ್ತದೆ. ಆದರೆ ಹಸಿರು ಪಿಸ್ತಾ, ಕೆಂಪು ಕ್ರ್ಯಾನ್‌ಬೆರಿ ಎದ್ದು ಕಾಣಬೇಕಾದರೆ ಅದರಷ್ಟು ಒಳ್ಳೆ ಹಿನ್ನೆಲೆ ಇನ್ನೊಂದಿಲ್ಲ. ನಾನು ಪೂರ್ತಿ ವೈಟ್ ಮಾಡುವುದು ಕಡಿಮೆ. ಡಾರ್ಕ್ ಹರಡಿ, ಮೇಲೆ ನಾಲ್ಕು ಚಮಚ ವೈಟ್ ಸುರಿದು ಕಡ್ಡಿಯಿಂದ ಗೆರೆ ಎಳೆಯುತ್ತೇನೆ. ನೋಟವೂ ಬಂತು, ಸಿಹಿಯೂ ಹಿಡಿತದಲ್ಲಿ.

ಬೇಕಿಂಗಿಗೆ ಸಿಗುವ ಚಾಕೊಲೇಟ್ ಚಿಪ್ಸ್ ಮನೆಯಲ್ಲಿದ್ದರೆ ಬಳಸಬಹುದು, ಅದಕ್ಕೆಂದೇ ತರಬೇಡಿ. ಬಿಸಿಯಲ್ಲೂ ಆಕಾರ ಬಿಡದಂತೆ ಮಾಡಿರುವ ವಸ್ತು ಅದು. ಕರಗಿಸಿದರೂ ದಪ್ಪ ಹಿಟ್ಟಿನ ಹಾಗೆ ಕೂರುತ್ತದೆ, ತೆಳ್ಳಗೆ ಹರಡುವುದಿಲ್ಲ.

ಟೆಂಪರಿಂಗ್ ಬೇಕಾ, ಬೇಡವಾ?

ಇಲ್ಲಿ ಮೊದಲ ಪ್ರಶ್ನೆಗೆ ವಾಪಸ್ ಬನ್ನಿ. ಎರಡು ಮೂರು ದಿನದಲ್ಲಿ ಮನೆಯವರೇ ತಿಂದು ಮುಗಿಸುವುದಾದರೆ, ತಿನ್ನುವವರೆಗೆ ಫ್ರಿಜ್ಜಿನಲ್ಲೇ ಇರುವುದಾದರೆ, ಟೆಂಪರಿಂಗ್ ಬಿಡಿ. ತಣ್ಣಗಿರುವಷ್ಟು ಹೊತ್ತು ಗಟ್ಟಿಯಾಗೇ ಇರುತ್ತದೆ. ಕೈಗೆ ಬೇಗ ಅಂಟುತ್ತದೆ, ಅದೊಂದೇ ತೊಂದರೆ.

ಉಡುಗೊರೆ ಕೊಡುವುದಾದರೆ, ತಟ್ಟೆಯಲ್ಲಿ ಹೊರಗೆ ಗಂಟೆಗಟ್ಟಲೆ ಇಡುವುದಾದರೆ, ಬೇಕೇ ಬೇಕು. ಇಲ್ಲವೇ ಕಾಂಪೌಂಡಿಗೆ ಹೋಗಿ. ನಡುವಿನ ದಾರಿ ಇಲ್ಲ. ಸ್ವಲ್ಪ ತೆಂಗಿನೆಣ್ಣೆ ಹಾಕಿದರೆ ಹೊಳಪು ಬರುತ್ತದೆ ಎಂದು ಹೇಳುವವರಿದ್ದಾರೆ. ಹೊಳಪೇನೋ ಬರುತ್ತದೆ, ಆದರೆ ಚಾಕೊಲೇಟು ಇನ್ನೂ ಮೆತ್ತಗಾಗುತ್ತದೆ. ಫ್ರಿಜ್ಜಿನ ಬಾರ್ಕಿಗೆ ಪರವಾಗಿಲ್ಲ, ಡಬ್ಬಿಗೆ ಬೇಡ.

ಟೆಂಪರಿಂಗಿಗೆ ಮನೆಯಲ್ಲಿ ಎರಡು ದಾರಿ. ಥರ್ಮಾಮೀಟರ್ ಇದ್ದವರು ಹೀಗೆ ಮಾಡಿ: 300 ಗ್ರಾಂ ಡಾರ್ಕ್ ಇದ್ದರೆ 100 ಗ್ರಾಂ ಸಣ್ಣಗೆ ಹೆಚ್ಚಿ ಬದಿಗಿಡಿ. ಉಳಿದ 200 ಗ್ರಾಂ ಅನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಿ, ಕೆಳಗಿಳಿಸಿ, ಹೆಚ್ಚಿಟ್ಟಿದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಹೊಸದಾಗಿ ಹಾಕಿದ ಚೂರುಗಳಲ್ಲಿರುವ ಒಳ್ಳೆಯ ಹರಳುಗಳು ಉಳಿದದ್ದಕ್ಕೂ ದಾರಿ ತೋರಿಸುತ್ತವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. 31–32 ಡಿಗ್ರಿಗೆ ಇಳಿದಾಗ ಹರಡಬಹುದು. ಮಿಲ್ಕ್ ಆದರೆ 29–30, ವೈಟ್ ಆದರೆ 28–29. ಈ ಎರಡನ್ನು ಕರಗಿಸುವಾಗಲೂ 45 ದಾಟಿಸಬೇಡಿ, ಹಾಲಿನಂಶ ಸೀದು ಮರಳು ಮರಳಾಗುತ್ತದೆ.

ಥರ್ಮಾಮೀಟರ್ ಇಲ್ಲದವರಿಗೆ ಮೈಕ್ರೋವೇವ್ ದಾರಿ. ಸತ್ಯ ಹೇಳಬೇಕೆಂದರೆ ನಾನು ಹೆಚ್ಚಾಗಿ ಮಾಡುವುದೂ ಇದನ್ನೇ. ಅಂಗಡಿಯಿಂದ ತಂದ ಹೊಳೆಯುವ ಚಾಕೊಲೇಟು ಆಗಲೇ ಹದಕ್ಕೆ ಬಂದದ್ದು. ಪೂರ್ತಿ ಕರಗಿಸದಿದ್ದರೆ ಆ ಹದ ಕೆಡುವುದಿಲ್ಲ. ಒಂದೇ ಸಮ ಚೂರು ಮಾಡಿ, ಅರ್ಧ ಪವರಿನಲ್ಲಿ 20–30 ಸೆಕೆಂಡ್ ಬಿಸಿ ಮಾಡಿ, ತೆಗೆದು ಕಲಕಿ, ಮತ್ತೆ ಇಡಿ. ಮೂರನೇ ಒಂದು ಭಾಗ ಇನ್ನೂ ಗಂಟಾಗಿರುವಾಗಲೇ ನಿಲ್ಲಿಸಿ, ಉಳಿದದ್ದನ್ನು ಕಲಕಿಯೇ ಕರಗಿಸಿ. ಚೂರೇ ಚೂರು ತೆಗೆದು ಕೆಳತುಟಿಯ ಕೆಳಗೆ ಸವರಿ ನೋಡಿ. ತುಸು ತಣ್ಣಗೆ ಅನಿಸಬೇಕು. ಬೆಚ್ಚಗೆ ಅನಿಸಿದರೆ ದಾಟಿಹೋಯಿತು ಅಂತ ಅರ್ಥ. ಆಗ ಒಂದು ಹಿಡಿ ಹೊಸ ಚೂರು ಹಾಕಿ ಕಲಕಿ.

ಎರಡರಲ್ಲಿ ಯಾವುದಾದರೂ ಸರಿ, ಹರಡುವ ಮೊದಲು ಚಾಕುವಿನ ತುದಿಯನ್ನು ಅದ್ದಿ ಮೇಜಿನ ಮೇಲಿಡಿ. ಐದು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾದರೆ ಹದ ಬಂದಿದೆ. ಕೋಣೆ ಸೆಕೆಯಾಗಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, 20 ಡಿಗ್ರಿ ಆಸುಪಾಸಿನ ಕೋಣೆ ಇದ್ದರೆ ನಂಬಬಹುದು.

ಮೈಕ್ರೋವೇವ್ ಇಲ್ಲವಾ? ಕುದಿಯುವ ನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಕರಗಿಸುವ ಡಬಲ್ ಬಾಯ್ಲರ್ ಇದ್ದೇ ಇದೆ. ಬಿಸಿ ಹದವಾಗಿ ಸಿಗುತ್ತದೆ, ಆದರೆ ಹಬೆಯ ಭಯ. ನಾಲ್ಕು ಹನಿ ನೀರು ಬಿದ್ದರೆ ಸಾಕು, ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ, ರೇಷ್ಮೆಯಂತಿದ್ದ ಚಾಕೊಲೇಟು ಕಣ್ಣೆದುರೇ ಒಣ ಮುದ್ದೆಯಾಗುತ್ತದೆ. ಆ ಮುದ್ದೆಯನ್ನು ಮತ್ತೆ ಬಾರ್ಕ್ ಮಾಡಲಾಗದು. ಬಿಸಿ ಹಾಲು ಬೆರೆಸಿ ಸಾಸ್ ಮಾಡಿಕೊಂಡು ಕುಡಿಯಬಹುದು, ನಾನು ಕುಡಿದಿದ್ದೇನೆ. ಬೋಗುಣಿಯ ತಳ ಮತ್ತು ಚಮಚ ಒರೆಸಿಕೊಂಡೇ ಶುರುಮಾಡಿ.

ಬೀಜಗಳು

ಹಸಿ ಬೀಜವಾ, ಹುರಿದದ್ದಾ? ಹುರಿದದ್ದು. ಇದರಲ್ಲಿ ಚರ್ಚೆ ಬೇಡ. ಹಸಿ ಬಾದಾಮಿ ಚಾಕೊಲೇಟಿನಲ್ಲಿ ಮರದ ಚೂರಿನ ಹಾಗೆ ಸಿಗುತ್ತದೆ. ಓವನ್ನಿನಲ್ಲಿ 160 ಡಿಗ್ರಿಗೆ 8–10 ನಿಮಿಷ, ಅಥವಾ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಘಮ ಬರುವವರೆಗೆ. ಆಮೇಲೆ ಪೂರ್ತಿ ಆರಲಿ. ಬಿಸಿ ಬೀಜ ಹಾಕಿದರೆ ಅಷ್ಟು ಹೊತ್ತು ಕೂತು ತಂದ ಹದ ಅಲ್ಲೇ ಹೋಯಿತು.

ಬಾದಾಮಿ ಎಲ್ಲಕ್ಕೂ ಹೊಂದುವ ಬೀಜ. ಗಟ್ಟಿ, ತಡವಾಗಿ ಮೆತ್ತಗಾಗುತ್ತದೆ, ಡಬ್ಬಿಗೆ ಹೋಗುವ ಬಾರ್ಕಿಗೆ ಮೊದಲ ಆಯ್ಕೆ. ಗೋಡಂಬಿ ಬೆಣ್ಣೆಯಂತೆ ಮೆದು, ಡಾರ್ಕಿನ ಕಹಿಯನ್ನು ತಗ್ಗಿಸುತ್ತದೆ. ಆದರೆ ಅದರ ಗರಿಗರಿ ಬೇಗ ಹೋಗುತ್ತದೆ, ಹಾಗಾಗಿ ಬೇಗ ತಿನ್ನುವ ಬಾರ್ಕಿಗೆ ಇರಲಿ. ಹೇಜಲ್‌ನಟ್ ಚಾಕೊಲೇಟಿಗೆಂದೇ ಹುಟ್ಟಿದ ಹಾಗಿದೆ. ಹುರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆಯುವ ಕೆಲಸವೊಂದಿದೆ, ಅಷ್ಟೆ.

ಅಕ್ರೋಟಿನ ವಿಷಯದಲ್ಲಿ ಎಚ್ಚರ. ಅದರ ತೆಳು ಸಿಪ್ಪೆಯಲ್ಲೇ ಒಗರು ಕಹಿ ಇದೆ. ಶೇಕಡಾ 70ರ ಡಾರ್ಕ್ ಜೊತೆ ಸೇರಿದರೆ ಕಹಿಗೆ ಕಹಿ. ಮಿಲ್ಕ್ ಜೊತೆ ಮಾತ್ರ ಬಹಳ ಸೊಗಸು. ಇನ್ನೊಂದು, ಅದರ ಎಣ್ಣೆ ಬೇಗ ಹಳಸಿ ಕಮಟು ವಾಸನೆ ಬರುತ್ತದೆ. ಹಾಕುವ ಮುಂಚೆ ಒಂದು ತಿಂದು ನೋಡಿ. ಒಂದು ಕಮಟು ಬೀಜ ಇಡೀ ತುಂಡನ್ನು ಕೆಡಿಸುತ್ತದೆ.

ಪಿಸ್ತಾ ದುಬಾರಿ, ಆದರೆ ಅದು ಬಣ್ಣಕ್ಕೆ. ಹಿಡಿಗಟ್ಟಲೆ ಬೇಡ. ಎರಡು ಚಮಚದಷ್ಟನ್ನು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿದರೆ ಇಡೀ ತಟ್ಟೆ ಶ್ರೀಮಂತವಾಗಿ ಕಾಣುತ್ತದೆ. ಜಾಸ್ತಿ ಹುರಿದರೆ ಹಸಿರು ಹೋಗಿ ಕಂದಾಗುತ್ತದೆ, ಮತ್ತೆ ದುಡ್ಡು ಕೊಟ್ಟಿದ್ದು ಯಾಕೆ? ಇದರ ಎದುರು ತುದಿಯಲ್ಲಿ ಕಡಲೆಕಾಯಿ ಬೀಜ. ಬಡವರ ಬಾದಾಮಿ ಎಂದು ಅದನ್ನು ಕೀಳಾಗಿ ನೋಡುವವರು ಹುರಿದ ಕಡಲೆಕಾಯಿ, ಮಿಲ್ಕ್ ಚಾಕೊಲೇಟು, ಮೇಲೆ ನಾಲ್ಕು ಹರಳುಪ್ಪು ಸೇರಿಸಿ ಒಮ್ಮೆ ತಿನ್ನಲಿ.

ಬಾದಾಮಿ, ಗೋಡಂಬಿ, ಕಡಲೆಕಾಯಿಯಂಥ ಬೀಜಗಳ ಅಲರ್ಜಿ ಇರುವವರಿದ್ದರೆ ಸೂರ್ಯಕಾಂತಿ, ಕುಂಬಳ ಬೀಜಗಳನ್ನು ಹುರಿದು ಹಾಕಬಹುದು. ಆದರೆ ಚಾಕೊಲೇಟಿನ ಪೊಟ್ಟಣದಲ್ಲೇ ಬೀಜಗಳ ಅಂಶ ಇರಬಹುದು ಎಂಬ ಎಚ್ಚರಿಕೆ ಇದೆಯಾ ನೋಡಿ. ನಾಯಿ ಇರುವ ಮನೆಯವರಿಗೂ ಒಂದು ಮಾತು: ಚಾಕೊಲೇಟು, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ತಟ್ಟೆಯನ್ನು ಎತ್ತರದಲ್ಲಿಡಿ.

ಒಣಹಣ್ಣುಗಳು

ಹಣ್ಣಿನ ವಿಷಯದಲ್ಲಿ ರುಚಿಗಿಂತ ಮೊದಲು ನೋಡಬೇಕಾದದ್ದು ಪಸೆ. ಎರಡು ಬೆರಳಿನ ನಡುವೆ ಒತ್ತಿ. ಬೆರಳಿಗೆ ತೇವ ಬಂದರೆ ಆ ಹಣ್ಣು ಇನ್ನೂ ಒಣಗಬೇಕು. ಒದ್ದೆ ಹಣ್ಣು ಪಕ್ಕದ ಬೀಜಕ್ಕೆ ತನ್ನ ತೇವ ದಾಟಿಸುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಗರಿಗರಿ ಗೋಡಂಬಿ ನೆನೆಸಿಟ್ಟ ಹಾಗಾಗಿರುತ್ತದೆ. ಹಣ್ಣನ್ನು ನೆನೆಸಿ ಹಾಕುವುದಂತೂ ಬೇಡವೇ ಬೇಡ. ತಾಜಾ ಹಣ್ಣು ಅದೇ ದಿನ ತಿನ್ನುವುದಾದರೆ ಮಾತ್ರ.

ಒಣದ್ರಾಕ್ಷಿ ಅಗ್ಗ, ಎಲ್ಲೆಡೆ ಸಿಗುತ್ತದೆ, ಡಾರ್ಕ್ ಜೊತೆ ಚೆನ್ನಾಗಿ ಹೋಗುತ್ತದೆ. ಕ್ರ್ಯಾನ್‌ಬೆರಿಯಲ್ಲಿ ಹುಳಿ ಇದೆ, ಬಣ್ಣವಿದೆ. ಮಿಲ್ಕಿಗೂ ವೈಟಿಗೂ ಅದೇ ಸರಿ, ದ್ರಾಕ್ಷಿಗಿಂತ ದುಬಾರಿಯಾದರೂ ಸ್ವಲ್ಪವೇ ಸಾಕಾಗುತ್ತದೆ. ನನಗೆ ಇವೆರಡಕ್ಕಿಂತ ಇಷ್ಟ ಏಪ್ರಿಕಾಟ್. ಕತ್ತರಿಯಿಂದ ಉದ್ದುದ್ದ ಕತ್ತರಿಸಿ ಹಾಕಿದರೆ ಜಗಿಯಲು ಸಿಗುತ್ತದೆ, ಹುಳಿ ಸಿಹಿ ಎರಡೂ ಇದೆ. ಕಿತ್ತಳೆ ಬಣ್ಣದ್ದಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ, ಕೊಡದಿದ್ದದ್ದು ಕಂದು ಬಣ್ಣ. ನೋಟಕ್ಕೆ ಮೊದಲನೆಯದು, ರುಚಿಗೆ ಎರಡೂ ಒಳ್ಳೆಯವೇ.

ಅಂಜೂರದ ಸಣ್ಣ ಬೀಜಗಳು ಹಲ್ಲಿಗೆ ಕಿರುಗುಟ್ಟುತ್ತವೆ, ಕೆಲವರಿಗೆ ಅದೇ ಖುಷಿ. ಖರ್ಜೂರ ನನ್ನ ಮಟ್ಟಿಗೆ ಬಾರ್ಕಿಗಲ್ಲ. ಅಂಟಂಟು, ತೇವ ಜಾಸ್ತಿ, ದೊಡ್ಡ ತುಂಡು ಹಾಕಿದ ಕಡೆಯೇ ಬಾರ್ಕ್ ಮುರಿದುಬೀಳುತ್ತದೆ. ಹಾಕಲೇಬೇಕೆಂದರೆ ಸಣ್ಣಗೆ ಹೆಚ್ಚಿ, ಚದುರಿಸಿ. ಸಕ್ಕರೆ ಪಾಕದಲ್ಲಿಟ್ಟ ಕಿತ್ತಳೆ ಸಿಪ್ಪೆ ಸಿಕ್ಕರೆ ಬಿಡಬೇಡಿ, ಪಾಕ ಒರೆಸಿ ಡಾರ್ಕ್ ಮೇಲೆ ಹಾಕಿ.

ಫ್ರೀಜ್ ಡ್ರೈ ಮಾಡಿದ ಸ್ಟ್ರಾಬೆರಿ, ರಾಸ್ಬೆರಿ ಈಗ ಜನ ಇಷ್ಟಪಡುತ್ತಿದ್ದಾರೆ. ನೀರೇ ಇಲ್ಲ, ಹಪ್ಪಳದ ಹಾಗೆ ಗರಿಗರಿ, ಹುಳಿ ಖಡಕ್. ಬೆಲೆಯೂ ಖಡಕ್. ಪೊಟ್ಟಣ ತೆರೆದಿಟ್ಟರೆ ಗಾಳಿಯ ತೇವ ಹೀರಿ ಬೇಗ ಮೆತ್ತಗಾಗುತ್ತವೆ. ಚಾಕೊಲೇಟು ಹರಡಿದ ಮೇಲೆ ಪೊಟ್ಟಣ ಕತ್ತರಿಸಿ, ಉದುರಿಸಿ, ಒತ್ತಿ, ಗಟ್ಟಿಯಾದ ತಕ್ಷಣ ಡಬ್ಬಿಗೆ ಹಾಕಿ.

ಬೆರೆಸುವುದಾ, ಉದುರಿಸುವುದಾ?

ಬೀಜವನ್ನು ಚಾಕೊಲೇಟಿಗೇ ಬೆರೆಸಿ ಹರಡಿದರೆ ಅದರ ಸುತ್ತ ಚಾಕೊಲೇಟಿನ ಹೊದಿಕೆ ಬರುತ್ತದೆ. ಗಾಳಿ ತಾಗದೆ ಹೆಚ್ಚು ದಿನ ಗರಿಗರಿ ಇರುತ್ತದೆ, ಮುರಿಯುವಾಗ ಉದುರುವುದಿಲ್ಲ. ಆದರೆ ನೋಟಕ್ಕೆ ಕೆಸರುಗದ್ದೆ. ಮೇಲೆ ಉದುರಿಸಿದರೆ ಚೆಂದ, ಆದರೆ ಅಂಗೈಯಿಂದ ಮೆಲ್ಲಗೆ ಒತ್ತದಿದ್ದರೆ ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ. ನಾನು ಬೀಜದ ಮುಕ್ಕಾಲು ಪಾಲನ್ನು ಒಳಗೆ ಬೆರೆಸಿ, ಉಳಿದ ಬೀಜ, ಹಣ್ಣನ್ನೆಲ್ಲ ಮೇಲಿಡುತ್ತೇನೆ.

ಅಳತೆ ಸುಲಭ: ಚಾಕೊಲೇಟಿನ ಅರ್ಧದಷ್ಟು ತೂಕ ಬೀಜ, ಹಣ್ಣು ಎರಡೂ ಸೇರಿ. 300 ಗ್ರಾಂ ಚಾಕೊಲೇಟಿಗೆ 150 ಗ್ರಾಂ. ಬಟರ್ ಪೇಪರ್ ಮೇಲೆ 20 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ ಹರಡಿದರೆ ಚಾಕೊಲೇಟೇ ಸುಮಾರು 5 ಮಿ.ಮೀ. ದಪ್ಪ ಬರುತ್ತದೆ. ಇದಕ್ಕಿಂತ ತೆಳ್ಳಗಾದರೆ ಬೀಜ ನಿಲ್ಲುವುದಿಲ್ಲ, ದಪ್ಪಗಾದರೆ ಹಲ್ಲಿಗೆ ಕೆಲಸ.

ಹಾಗಾದರೆ ಯಾವುದು?

ದುಡ್ಡು ಕಡಿಮೆ ಇದ್ದರೆ ಬೀಜದಲ್ಲಿ ಉಳಿಸಿ, ಚಾಕೊಲೇಟಿನಲ್ಲಲ್ಲ. ತೂಕದಲ್ಲಿ ಮೂರನೇ ಎರಡು ಪಾಲು ಚಾಕೊಲೇಟೇ ಅಲ್ವಾ? ಕಾಂಪೌಂಡಿನ ಮೇಲೆ ಪಿಸ್ತಾ ಹಾಕುವುದಕ್ಕಿಂತ ಒಳ್ಳೆ ಡಾರ್ಕ್ ಮೇಲೆ ಕಡಲೆಕಾಯಿ, ಒಣದ್ರಾಕ್ಷಿ ಹಾಕಿದ್ದು ಸಾವಿರ ಪಾಲು ಮೇಲು. ಕಾಂಪೌಂಡ್ ತರಬೇಕಾದದ್ದು ಸಮಯ ಇಲ್ಲದಾಗ, ಜನ ಜಾಸ್ತಿ ಇದ್ದಾಗ.

ಉಡುಗೊರೆಗಾದರೆ ಟೆಂಪರ್ ಮಾಡಿದ ಡಾರ್ಕ್, ಬಾದಾಮಿ ಹೆಚ್ಚು, ಚೆನ್ನಾಗಿ ಒಣಗಿದ ಏಪ್ರಿಕಾಟ್ ಅಥವಾ ಕ್ರ್ಯಾನ್‌ಬೆರಿ ಕಡಿಮೆ, ಮೇಲೆ ಎರಡು ಚಮಚ ಪಿಸ್ತಾ. ಮಕ್ಕಳಿಗಾದರೆ ಮಿಲ್ಕ್, ಕಡಲೆಕಾಯಿ, ಕ್ರ್ಯಾನ್‌ಬೆರಿ, ಟೆಂಪರಿಂಗ್ ಬೇಡ. ಅವರ ಕೈಗೆ ಸಿಕ್ಕರೆ ಬಿಳಿಚಿಕೊಳ್ಳುವಷ್ಟು ದಿನ ಅದು ಉಳಿಯುವುದೂ ಇಲ್ಲ. ತೀರಾ ಚಿಕ್ಕ ಮಕ್ಕಳಿದ್ದರೆ ಬೀಜವನ್ನು ಇಡಿಯಾಗಿ ಹಾಕದೆ ಪುಡಿ ಮಾಡಿ. ದೊಡ್ಡವರು ಊಟದ ನಂತರ ಒಂದೊಂದೇ ತುಂಡು ತಿನ್ನುವುದಕ್ಕೆ ಶೇಕಡಾ 70, ಹೇಜಲ್‌ನಟ್, ಕಿತ್ತಳೆ ಸಿಪ್ಪೆ, ಚಿಟಿಕೆ ಉಪ್ಪು.

ಇಡುವುದು ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ. 15ರಿಂದ 18 ಡಿಗ್ರಿ ಸಿಕ್ಕರೆ ಅದಕ್ಕಿಂತ ಬೇಕಿಲ್ಲ. ಸೆಕೆಗಾಲದಲ್ಲಿ ಫ್ರಿಜ್ಜೇ ಗತಿ ಎಂದಾದರೆ, ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣನೆ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂತು, ಸಕ್ಕರೆ ಕರಗಿ, ಒಣಗಿದಾಗ ಬಿಳಿ ಪುಡಿಯಾಗುತ್ತದೆ. ಮುಟ್ಟಿದರೆ ಜಿಡ್ಡಿಲ್ಲ, ಒರಟು. ಡಬ್ಬಿ ಮುಚ್ಚಿದ ಹಾಗೇ ಅರ್ಧ ಗಂಟೆ ಹೊರಗಿರಲಿ.

ಒಂದೇ ಅಳತೆಯ ಚೌಕ ತುಂಡು ಬೇಕಾದರೆ ಚಾಕೊಲೇಟು ಅರ್ಧ ಗಟ್ಟಿಯಾಗಿರುವಾಗಲೇ ಚಾಕುವಿನಿಂದ ಗೆರೆ ಹಾಕಿಡಿ. ಇಲ್ಲವಾದರೆ ಪೂರ್ತಿ ಗಟ್ಟಿಯಾದ ಮೇಲೆ ಕೈಯಿಂದಲೇ ಮುರಿಯಿರಿ. ಮುರಿಯುವಾಗ ಉದುರಿದ ಚೂರು, ಪುಡಿ, ಒಂಟಿ ಬಾದಾಮಿ ಎಲ್ಲ ಮಾಡಿದವರಿಗೆ ಸೇರಿದ್ದು. ನಮ್ಮನೆಯಲ್ಲಿ ಅದನ್ನು ಬಟರ್ ಪೇಪರ್ ಸಮೇತ ಮಡಚಿ, ಯಾರಿಗೂ ಕಾಣದ ಹಾಗೆ ಬಿಸಿ ಹಾಲಿಗೆ ಸುರಿದುಕೊಳ್ಳುವುದು ವಾಡಿಕೆ.